ಹೆಬ್ಬೆಟ್ಟು ಒತ್ತುವ ಮುಂಚೆ

ತಮ್ಮಾ, ಅಪ್ಪನ ಚಿಕಿತ್ಸೆಗೆಂದು ನಾಡಿದ್ದು ಮಡಗಾಂವದಿಂದ ಮುಂಬೈ ರೈಲು ಹತ್ತುತ್ತೀರಂತೆ, ನಿಮ್ಮವ್ವ ಹೇಳಿದಳು. ಗೋವಾದ ಈ ಸಾಂಗೆಗೆ ಗಣಿ ಕೆಲಸಕ್ಕೆಂದು ನಾನೂ ನಿಮ್ಮಪ್ಪನೂ ಒಟ್ಟಿಗೇ ಬಂದವರು. ಅದಕ್ಕೇ ಇಷ್ಟು ಹೇಳುತ್ತೇನೆ.

ಅಪ್ಪನ ಶ್ವಾಸಕೋಶದ ಕ್ಯಾನ್ಸರ್ ನಾಲ್ಕನೇ ಹಂತದಲ್ಲಿದೆ, ಔಷಧ ಕೂಡಿಸಿ ಕೊಡುವ ಪ್ರಯೋಗಕ್ಕೆ ಸೇರಿ ಎಂದು ಅಲ್ಲಿನ ಡಾಕ್ಟರು ಅಂದರೆ ಸಿಟ್ಟಾಗಿ ಎದ್ದು ಬರಬೇಡ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 350 ರೋಗಿಗಳು ಹೀಗೇ ಒಪ್ಪಿದ್ದರು. ಎಲ್ಲರ ಗಡ್ಡೆಯಲ್ಲೂ ಇಜಿಎಫ್‌ಆರ್ ಜೀನಿನ ಬದಲಾವಣೆ ಇತ್ತು. ಬೀಡಿ ಮುಟ್ಟದವರಲ್ಲೇ ಅದು ಹೆಚ್ಚು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಜೆಫಿಟಿನಿಬ್ ಗುಳಿಗೆ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಪೆಮೆಟ್ರೆಕ್ಸೆಡ್, ಕಾರ್ಬೋಪ್ಲಾಟಿನ್ ಕೀಮೋ ಕೊಟ್ಟರು. 2019ರಲ್ಲಿ ಫಲಿತಾಂಶ ಬಂತು. ಬರೀ ಗುಳಿಗೆ ನುಂಗಿದವರಲ್ಲಿ ರೋಗ ಮತ್ತೆ ಬೆಳೆಯಲು ಸುಮಾರು 8 ತಿಂಗಳು ಹಿಡಿದಿತ್ತು, ಕೂಡಿಸಿ ತೆಗೆದುಕೊಂಡವರಲ್ಲಿ 16. ಆಯುಷ್ಯವೂ ಹೆಚ್ಚಿತು. ಆದರೆ ತೀವ್ರ ಅಡ್ಡಪರಿಣಾಮ ಕಂಡವರು ನೂರಕ್ಕೆ ಸುಮಾರು 25 ಇದ್ದದ್ದು ಸುಮಾರು 50 ಆಯಿತು. ರೋಗ ಬೇರುಸಹಿತ ಹೋಗುತ್ತದೆಂದು ಯಾರೂ ಹೇಳಿಲ್ಲ. ಎರಡೂ ಲೆಕ್ಕ ಅಪ್ಪನ ಮುಂದಿಡು. ಅವನ ಗಡ್ಡೆಯಲ್ಲಿ ಆ ಬದಲಾವಣೆ ಇಲ್ಲದಿದ್ದರೆ ಈ ಲೆಕ್ಕ ಅವನಿಗೆ ಅನ್ವಯಿಸುವುದಿಲ್ಲ, ಅದನ್ನು ಮೊದಲು ಕೇಳು.

ಪ್ರಯೋಗದ ಒಪ್ಪಿಗೆ ಪತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬಂದೀತು. ನಿಮ್ಮಪ್ಪ ಸಂತೆಯಲ್ಲಿ ಕೊಂಕಣಿ ಆಡಿದರೂ ನೋವು ಹೇಳಿಕೊಳ್ಳುವುದು ಕನ್ನಡದಲ್ಲೇ. ರೋಗಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕೆಂಬ ನಿಯಮವಿದೆ. ಕನ್ನಡದ ಪ್ರತಿ ಕೇಳು, ಕನ್ನಡ ಬಲ್ಲವರನ್ನು ಕರೆಸಿ ಅನ್ನು, ಸಂಕೋಚ ಬೇಡ. ನನ್ನ ಹೆಂಡತಿಯ ಕಾಯಿಲೆಯಲ್ಲಿ ಅವರು ತೋರಿಸಿದಲ್ಲೆಲ್ಲ ನಾನು ಸಹಿ ಹಾಕಿದೆ. ‘ನನಗೇನು ಕೊಡ್ತಾ ಇದಾರೆ?’ ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಆ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಹೆಬ್ಬೆಟ್ಟು ಒತ್ತಿದ ಮೇಲೂ ಬೇಡವೆನಿಸಿದರೆ ಅಪ್ಪ ಪ್ರಯೋಗದಿಂದ ಹೊರಬರಬಹುದು. ಮಾಮೂಲಿ ಚಿಕಿತ್ಸೆಯನ್ನು ಅದಕ್ಕಾಗಿ ನಿಲ್ಲಿಸುವಂತಿಲ್ಲ.

ಪೆಮೆಟ್ರೆಕ್ಸೆಡ್ ಕೊಡುವುದಾದರೆ ಫೋಲಿಕ್ ಆಸಿಡ್ ಗುಳಿಗೆ, ಬಿ12 ಇಂಜೆಕ್ಷನ್ ಒಂದು ವಾರ ಮೊದಲೇ ಶುರುವಾಗುತ್ತದೆ. ಶಕ್ತಿಗುಳಿಗೆ ತಾನೇ ಎಂದು ಅವನು ತಪ್ಪಿಸದಂತೆ ನೋಡಿಕೊ, ಔಷಧದ ವಿಷ ಏರದಂತೆ ತಡೆಯುವುದು ಅವೇ. ಊರಿಗೆ ಬಂದ ಮೇಲೆ ರಾತ್ರಿ ಜ್ವರ ಕಾಣಿಸಿಕೊಂಡರೆ ಬೆಳಗಿನ ಬಸ್ಸಿಗೆ ಕಾಯಬೇಡ. ಕೀಮೋದಿಂದ ಬಿಳಿರಕ್ತಕಣ ಇಳಿದಿರುತ್ತದೆ, ಆಗಿಂದಾಗಲೇ ಮಡಗಾಂವದ ಜಿಲ್ಲಾ ಆಸ್ಪತ್ರೆಗೋ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೋ ಹೊರಡಬೇಕು. ಎಷ್ಟೇ ಹೊತ್ತಾಗಿರಲಿ, ಬಂದು ನನ್ನ ಬಾಗಿಲು ಬಡಿ. ಗಾಡಿ ನಾನು ತರುತ್ತೇನೆ.