ಹಡಗಿಗೆ ತಲೆಲೆಕ್ಕ, ಕಾರಿಗೆ ಗಾಡಿಲೆಕ್ಕ

ಅರಸೀಕೆರೆಯ ನಮ್ಮ ಭಾವನವರ ಆದಾಯ ತೆರಿಗೆಯ ಫಾರ್ಮ್ 26ಎಎಸ್‌ನಲ್ಲಿ 1,15,000 ರೂಪಾಯಿ ಸುಮ್ಮನೆ ಕೂತಿತ್ತು. ಅವರಿಗೆ ಅದರ ಸುಳಿವೇ ಇರಲಿಲ್ಲ. ತೆಂಗಿನ ತೋಟದ ಆದಾಯ, ಮೇಲೊಂದಿಷ್ಟು ಎಫ್‌ಡಿ ಬಡ್ಡಿ. ಜೀವಮಾನದಲ್ಲಿ ರಿಟರ್ನ್ ಹಾಕಿದವರಲ್ಲ. 2024ರ ಜುಲೈನಲ್ಲಿ ಅಕ್ಕನನ್ನು ಕರೆದುಕೊಂಡು ಅಲಾಸ್ಕಾ ನೋಡಿ ಬಂದಿದ್ದರು. ವಿಮಾನ, ಹಿಮನದಿಗಳ ನಡುವಿನ ಹಡಗು, ಹಡಗು ಇಳಿದ ಮೇಲೆ ಬಸ್ಸು, ರೈಲು, ಹೋಟೆಲು ಎಲ್ಲ ಒಂದೇ ಕಂತೆ. ಬೆಂಗಳೂರಿನ ಏಜೆಂಟರೊಬ್ಬರು ಜಿಎಸ್‌ಟಿ ಸೇರಿ ಇಬ್ಬರಿಗೆ 11 ಲಕ್ಷ ಅಂದಿದ್ದರು. ಭಾವ ಕೊಬ್ಬರಿ ಮಾರಿದ ದುಡ್ಡನ್ನು ಒಂದೇ ಏಟಿಗೆ, ತಮ್ಮೊಬ್ಬರದೇ ಪ್ಯಾನ್ ಮೇಲೆ ಕಟ್ಟಿಬಿಟ್ಟರು. ಬಿಲ್ಲಿನ ಕೊನೆಯ ಸಾಲಿನಲ್ಲಿ ಟಿಸಿಎಸ್ ಅಂತ ಇತ್ತಲ್ಲ ಎಂದು ಕೇಳಿದೆ. "ಟಿಸಿಎಸ್ ಅಂದ್ರೆ ನಿನ್ ಮಗ ಮೊದಲು ಕೆಲಸಕ್ಕಿದ್ದ ಕಂಪನಿ ಅಲ್ವೇನೋ?" ಅಂದರು.

ಟಿಸಿಎಸ್ ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆ. ಆ ವರ್ಷದ ದರ ಹೀಗಿತ್ತು: ವಿದೇಶ ಪ್ರವಾಸದ ಪ್ಯಾಕೇಜಿಗೆ ಮೊದಲ 7 ಲಕ್ಷದವರೆಗೆ ಶೇ. 5, ಅದರಾಚೆಗೆ ಶೇ. 20. ಏಳು ಲಕ್ಷಕ್ಕೆ 35,000, ಉಳಿದ ನಾಲ್ಕು ಲಕ್ಷಕ್ಕೆ 80,000. ಮಿತಿ ಇದ್ದದ್ದು ತಲಾ ಒಬ್ಬರಿಗೆ. ಅಕ್ಕನಿಗೂ ಪ್ಯಾನ್ ಇದೆ, ಬ್ಯಾಂಕ್ ಖಾತೆ ಇದೆ. ಐದೂವರೆ ಲಕ್ಷದಂತೆ ಇಬ್ಬರ ಹೆಸರಿನಲ್ಲಿ ಬಿಲ್ ಮಾಡಿಸಿದ್ದರೆ ಒಟ್ಟು 55,000ಕ್ಕೆ ಮುಗಿಯುತ್ತಿತ್ತು. ಈ ದುಡ್ಡು ಮುಳುಗುವುದಿಲ್ಲ ನಿಜ, ಆದರೆ ರಿಟರ್ನ್ ಹಾಕದೆ ವಾಪಸ್ಸೂ ಬರುವುದಿಲ್ಲ. ಡಿಸೆಂಬರ್ 31 ದಾಟಿದರೆ ಅಪ್‌ಡೇಟೆಡ್ ರಿಟರ್ನ್‌ನಲ್ಲಿ ರೀಫಂಡ್ ಕೇಳಲು ಅವಕಾಶವಿಲ್ಲ. ಅವಧಿಯೊಳಗೆ ನಾನೇ ಕೂತು ಹಾಕಿಸಿದೆ. 2025ರ ಏಪ್ರಿಲ್‌ನಿಂದ ಮಿತಿ 10 ಲಕ್ಷಕ್ಕೇರಿತು, 2026ರ ಬಜೆಟ್ ಪ್ಯಾಕೇಜುಗಳ ದರವನ್ನೇ ಶೇ. 2ಕ್ಕೆ ಇಳಿಸುವುದಾಗಿ ಹೇಳಿತು. ಹಾಗಾಗಿ ಈ ತಲೆನೋವು ಮುಂದೆ ಹೋಗುವವರಿಗೆ ಇಷ್ಟಿರುವುದಿಲ್ಲ.

ನನ್ನನ್ನು ಕೆಣಕಿದ್ದು ವಾಪಸ್ ಬರುವ ದುಡ್ಡಲ್ಲ, ವಾಪಸ್ ಬರದೇ ಇರುವುದು. ಅಕ್ಕ ಹೇಳಿದ ಮಾತು ಇದು: "ನೀರಿನ ಮೇಲೆ ಇದ್ದಷ್ಟು ದಿನ ಸ್ವರ್ಗ ಕಣೋ. ನೆಲಕ್ಕಿಳಿದ ಮೇಲೆ ಬರೀ ಬಸ್ಸು, ಬರೀ ಕಾಯೋದು." ಆ ಬಸ್ಸಿಗೂ ಕಾಯುವುದಕ್ಕೂ ಎಷ್ಟು ಕೊಟ್ಟಿರಿ ಎಂದು ಕೇಳಿದರೆ ಭಾವನ ಬಳಿ ಉತ್ತರವಿಲ್ಲ. ಕಂತೆಯಲ್ಲಿ ಹಡಗಿನದೆಷ್ಟು, ನೆಲದ್ದೆಷ್ಟು ಎಂದು ಏಜೆಂಟರು ಬಿಡಿಸಿ ಬರೆದಿರಲಿಲ್ಲ. ಬರೆದುಕೊಡಿ ಎಂದು ಇವರೂ ಕೇಳಿರಲಿಲ್ಲ.

ತಲೆಲೆಕ್ಕಕ್ಕೂ ಗಾಡಿಲೆಕ್ಕಕ್ಕೂ ಇರುವ ವ್ಯತ್ಯಾಸ ನಮ್ಮೂರಿನವರಿಗೆ ಅರ್ಥವಾಗದ ವಿಷಯವೇನಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಬಸ್ಸುಗಳು ಇನ್ನೂ ಹೆಚ್ಚು ಬರುತ್ತಿರುವಂತೆ ನನಗೆ ಕಾಣುತ್ತದೆ. ತಲೆಗಿಷ್ಟು ಎಂದು ಕೊಟ್ಟು ಬಂದವರು ಹಳೇಬೀಡಿನಲ್ಲಿ ಇಳಿಯುತ್ತಾರೆ, ಹೊಯ್ಸಳೇಶ್ವರನ ಗೋಡೆಯ ಒಂದು ಮಗ್ಗುಲು ನೋಡುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ಹದಿನಾರು ಕಿಲೋಮೀಟರ್ ಆಚೆ ಬೇಲೂರಿನಲ್ಲಿ ಊಟ. ಅದೇ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದು ನಾಲ್ಕೈದು ಜನ ಸೇರಿ ಒಂದು ಇನ್ನೋವಾ ಹಿಡಿದರೆ ಕಿಲೋಮೀಟರ್ ಲೆಕ್ಕ, ಡ್ರೈವರ್ ಬಾಟಾ, ಅಷ್ಟೇ. ಊರೊಳಗಿನ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪ ನೋಡಬಹುದು, ಹಾರನಹಳ್ಳಿಗೆ ಹೋಗಬಹುದು, ಜಾವಗಲ್ಲಿನಲ್ಲಿ ನಿಂತು ಬೆಳವಾಡಿಯ ವೀರನಾರಾಯಣನನ್ನೂ ಮುಗಿಸಿ ಸಂಜೆಗೆ ಹಳೇಬೀಡು ಸೇರಬಹುದು. 2008ರಲ್ಲಿ ಶುರುವಾದ ಗೋಲ್ಡನ್ ಚಾರಿಯಟ್ ರೈಲಿನ ಅತಿಥಿಗಳಿಗೂ ಈ ಕಡೆಯ ಗುಡಿಗಳನ್ನು ತೋರಿಸುವುದು ಬಸ್ಸಿನಲ್ಲೇ. ಬೆಲೆ ಮಾತ್ರ ರೈಲಿನದು.

ಅಲಾಸ್ಕಾದಲ್ಲೂ ಇದೇ ನ್ಯಾಯ. ಹಡಗಿಗೆ ದುಡ್ಡು ಕೊಡುವುದಕ್ಕೆ ನನ್ನ ತಕರಾರಿಲ್ಲ. ರಾಜಧಾನಿ ಜುನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ವಿಮಾನ, ಇಲ್ಲವೇ ನೀರು. ಕೆಚಿಕನ್ ದ್ವೀಪದ ಮೇಲಿರುವ ಊರು. ಗ್ಲೇಸಿಯರ್ ಬೇ ಒಳಗೆ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಅನುಮತಿ. ಆ ನೀಲಿ ಮಂಜುಗೋಡೆಯ ಮುಂದೆ ನಿಲ್ಲಬೇಕೆಂದರೆ ಹಡಗು ಹತ್ತಲೇಬೇಕು. ರಸ್ತೆ ಇಲ್ಲದ ಕಡೆ ಹಡಗಿನವರು ಕೇಳಿದ್ದು ನ್ಯಾಯವಾದ ಬೆಲೆ. ಆದರೆ ಆಂಕರೇಜ್ ನಗರದಿಂದ ಡೆನಾಲಿ ಉದ್ಯಾನಕ್ಕೆ ಒಳ್ಳೆಯ ರಸ್ತೆ ಇದೆ, ಜೂನ್ ತಿಂಗಳಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ. ಅಲ್ಲೂ ತಲೆಲೆಕ್ಕದಲ್ಲಿ ದುಡ್ಡು ಕಟ್ಟುವುದು ಯಾಕೆ?

2025ರಲ್ಲಿ ನಾವು ಹೊರಟಾಗ ನಾಲ್ಕು ಜನ: ನಾನು, ಮನೆಯವರು, ಸಿಯಾಟಲ್‌ನಲ್ಲಿರುವ ಮಗ, ಸೊಸೆ. ಹಡಗು ವ್ಯಾಂಕೂವರ್‌ನಿಂದ ಉತ್ತರಕ್ಕೆ, ಅಲಾಸ್ಕಾದ ಸೆವರ್ಡ್ ಬಂದರಿನಲ್ಲಿ ಇಳಿಯುವುದು. ಅಲ್ಲಿಂದ ನಾಲ್ಕು ರಾತ್ರಿಯ ನೆಲದ ಪ್ರವಾಸವನ್ನೂ ಸೇರಿಸಿಕೊಳ್ಳಿ ಎಂದು ನಮಗೆ ಬಂದ ಕೊಟೇಶನ್ ತಲೆಗೆ 1,100 ಡಾಲರ್. ನೆಲದ ಮೇಲಿನ ಊಟ ಅದರಲ್ಲಿ ಸೇರಿರಲಿಲ್ಲ. ನಾಲ್ಕು ತಲೆಗೆ 4,400 ಡಾಲರ್.

ಈಗ ನಮ್ಮ ಖರ್ಚು ಹೇಳುತ್ತೇನೆ, ಪೆನ್ನು ಹಿಡಿದುಕೊಳ್ಳಿ. ಸೆವರ್ಡ್‌ನಲ್ಲಿ ಕಾರು ಹಿಡಿದು ಬೇರೆ ಊರಲ್ಲಿ ಬಿಟ್ಟರೆ ಅದಕ್ಕೆ ಪ್ರತ್ಯೇಕ ದಂಡ. ಆದ್ದರಿಂದ ಆಂಕರೇಜ್‌ವರೆಗೆ ಬಸ್ಸು, ತಲೆಗೆ 75, ನಾಲ್ವರಿಗೆ 300. ಅಲ್ಲಿ ಕಾರು ನಾಲ್ಕು ದಿನಕ್ಕೆ, ವಿಮೆ ಸೇರಿ, ದಿನಕ್ಕೆ 140ರಂತೆ 560. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಹಿಡಿದಿದ್ದರೆ ಮೇಲೊಂದಿಷ್ಟು ಶುಲ್ಕ ಬೀಳುತ್ತಿತ್ತು, ಊರೊಳಗೆ ಹಿಡಿದೆವು. ಡೆನಾಲಿಗೆ ಹೋಗಿ ಬರಲು, ಸಮುದ್ರದಂಚಿನ ಸೆವರ್ಡ್ ಹೆದ್ದಾರಿಯಲ್ಲಿ ಒಂದು ಸುತ್ತು ಹಾಕಲು ಪೆಟ್ರೋಲ್ 100. ರೂಮು ಎರಡು, ನಾಲ್ಕು ರಾತ್ರಿ, ರೂಮಿಗೆ 220ರಂತೆ 1,760. ಡೆನಾಲಿ ಉದ್ಯಾನದಲ್ಲಿ ಸ್ವಂತ ಕಾರು ಮೊದಲ ಹದಿನೈದು ಮೈಲಿಯವರೆಗೆ ಮಾತ್ರ, ಆಮೇಲೆ ಅವರದೇ ಬಸ್ಸು. 2021ರಲ್ಲಿ ಗುಡ್ಡ ಜಾರಿದ ಮೇಲೆ ಆ ಬಸ್ಸೂ 43ನೇ ಮೈಲಿಗೇ ನಿಲ್ಲುತ್ತಿತ್ತು. ಪ್ರವೇಶ, ಬಸ್ಸು ಸೇರಿ ನಾಲ್ವರಿಗೆ 200. ಒಟ್ಟು 2,920 ಡಾಲರ್. ಪ್ಯಾಕೇಜಿಗಿಂತ 1,480 ಕಡಿಮೆ. ಡಾಲರಿಗೆ 86ರಂತೆ ಹಿಡಿದರೆ 1,27,280 ರೂಪಾಯಿ.

ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕ ಅರ್ಧ. ಇಬ್ಬರೇ ಹೋದರೆ ಏನು? ಪ್ಯಾಕೇಜು 2,200. ಸ್ವಂತ ವ್ಯವಸ್ಥೆಯಲ್ಲಿ ಬಸ್ಸು 150, ಉದ್ಯಾನ 100, ಒಂದೇ ರೂಮು 880, ಇವು ಅರ್ಧಕ್ಕಿಳಿದವು. ಕಾರಿನ 560 ಮತ್ತು ಪೆಟ್ರೋಲಿನ 100 ಹಾಗೇ ನಿಂತವು. ಒಟ್ಟು 1,790. ಉಳಿಯುವುದು 410 ಡಾಲರ್, ಅಂದರೆ 35,260 ರೂಪಾಯಿ. ಹೋಟೆಲು ಹುಡುಕುವ ತಾಪತ್ರಯ, ಗೊತ್ತಿಲ್ಲದ ದೇಶದಲ್ಲಿ ಬಲಬದಿಯ ಡ್ರೈವಿಂಗು, ಟೈರು ಪಂಕ್ಚರಾದರೆ ಎಂಬ ಅಂಜಿಕೆ, ಇಷ್ಟಕ್ಕೆಲ್ಲ ಇದು ಕೂಲಿಯೂ ಆಗಲಿಕ್ಕಿಲ್ಲ. ಒಬ್ಬರೇ ಹೋದರೆ ಸ್ವಂತ ವ್ಯವಸ್ಥೆ 1,665 ಡಾಲರಿಗೆ ಬಂದು ನಿಲ್ಲುತ್ತದೆ. ಒಂಟಿ ರೂಮಿಗೆಂದು ಪ್ಯಾಕೇಜಿನವರು ಹೆಚ್ಚು ಕೇಳಿದರೂ ಅವರದೇ ಅಗ್ಗವಾಗಬಹುದು. ಕಾರಿನಲ್ಲಿ ಎಷ್ಟು ಸೀಟು ತುಂಬುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಮಗನ ಅಲ್ಲಿನ ಕಾರ್ಡಿನಲ್ಲಿ ಕಟ್ಟಿದ್ದರಿಂದ ನಮಗೆ ವಿದೇಶಿ ವಿನಿಮಯದ ಮಾರ್ಕಪ್ ಬರಲಿಲ್ಲ. ಇಲ್ಲಿನ ಕ್ರೆಡಿಟ್ ಕಾರ್ಡ್ ಉಜ್ಜುವವರು ಶೇ. 3.5, ಅದರ ಮೇಲೆ ಜಿಎಸ್‌ಟಿ, ಒಟ್ಟು ಶೇ. 4.13 ಸೇರಿಸಿಕೊಳ್ಳಿ, 2,920 ಡಾಲರಿಗೆ ಹತ್ತು ಸಾವಿರ ಚಿಲ್ಲರೆ ಆಗುತ್ತದೆ. ಕೌಂಟರಿನಲ್ಲಿ "ರೂಪಾಯಿಯಲ್ಲಿ ಕಟ್ಟುತ್ತೀರಾ" ಎಂದು ಕೇಳಿದರೆ ಬೇಡ ಅನ್ನಿ.

ಇನ್ನು ನಮ್ಮ ದುಬಾರಿ ನಿರ್ಧಾರ. ಸಿಯಾಟಲ್‌ನಿಂದಲೇ ಹೊರಟು ಸಿಯಾಟಲ್‌ಗೇ ಮರಳುವ ಹಡಗುಗಳಿವೆ. ಮಗನ ಮನೆಯಿಂದ ಟ್ಯಾಕ್ಸಿಯಲ್ಲಿ ಬಂದರು, ಅದೇ ಟ್ಯಾಕ್ಸಿಯಲ್ಲಿ ಮನೆ. ನಾವು ಅದನ್ನು ಬಿಟ್ಟು ಒಂದೇ ದಿಕ್ಕಿನ ಹಡಗು ಹಿಡಿದೆವು. ವ್ಯಾಂಕೂವರ್ ತಲುಪಲು 200, ಆಂಕರೇಜ್‌ನಿಂದ ಮರಳುವ ವಿಮಾನಕ್ಕೆ 880. 1,080 ಡಾಲರ್ ಬರೀ ಓಡಾಟಕ್ಕೆ. ನೆಲದ 2,920 ಸೇರಿಸಿದರೆ ಸರಿಯಾಗಿ 4,000. ತಲೆಗೆ 86,000 ರೂಪಾಯಿ, ಊಟ ಬೇರೆ. ಪ್ಯಾಕೇಜಿಗಿಂತ ಒಂದೂಕಾಲು ಲಕ್ಷ ಉಳಿಸಿದೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಬಹುದು, ಆದರೆ ರಸ್ತೆ ಪ್ರವಾಸವನ್ನೇ ಮಾಡದವನು ಮೂರು ಲಕ್ಷ ನಲವತ್ತನಾಲ್ಕು ಸಾವಿರ ಉಳಿಸಿರುತ್ತಾನೆ. ಪ್ಯಾಕೇಜ್ ಮಾರುವವರು ಈ ಎರಡನೇ ಲೆಕ್ಕವನ್ನು ಯಾವತ್ತೂ ಹೇಳುವುದಿಲ್ಲ. ನನಗೆ ಆ ದುಡ್ಡು ಕೊಟ್ಟದ್ದಕ್ಕೆ ಬೇಸರವಿಲ್ಲ. ಮೋಡ ಸರಿದು ಡೆನಾಲಿ ಶಿಖರ ಕಂಡಾಗ ಮಗ ಗಾಡಿಯನ್ನು ಪಕ್ಕಕ್ಕೆ ಹಾಕಿದ. ಹಾರ್ನ್ ಹೊಡೆಯುವವರು ಯಾರೂ ಇರಲಿಲ್ಲ. ಹಡಗು ಮೊದಲು, ರಸ್ತೆ ಆಮೇಲೆ ಇಟ್ಟುಕೊಂಡದ್ದೂ ಸರಿಯಾಯಿತು. ಕಾರು ತಡವಾದರೆ ಮೋಟೆಲಿನವನು ಕಾಯುತ್ತಾನೆ. ಹಡಗು ಕಾಯುವುದಿಲ್ಲ.

ಭಾವನಿಗೆ ಆ ಏಜೆಂಟರು "ನೋ ಕಾಸ್ಟ್ ಇಎಂಐ" ಕೂಡ ತೋರಿಸಿದ್ದರಂತೆ. ಪುಣ್ಯಕ್ಕೆ ಭಾವ ಸಾಲ ಎಂದರೆ ಮಾರು ದೂರ ಹಾರುವವರು. ಕಾಸ್ಟ್ ಇಲ್ಲದ ಇಎಂಐ ಎಂಬುದು ಲೋಕದಲ್ಲಿ ಎಲ್ಲೂ ಇಲ್ಲ ಸ್ವಾಮಿ. ಶೂನ್ಯ ಬಡ್ಡಿಯ ಹೆಸರಿನಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಫೀಸಿನೊಳಗೆ ಅಡಗಿಸುತ್ತಾರೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ಒಟ್ಟಿಗೆ ಕಟ್ಟುವವನಿಗೆ ಸಿಗುತ್ತಿದ್ದ ರಿಯಾಯಿತಿ ಕಂತಿನವನಿಗೆ ಸಿಗುವುದಿಲ್ಲ, ಬಡ್ಡಿಯ ಭಾಗಕ್ಕೆ ಜಿಎಸ್‌ಟಿ ಬೇರೆ. ಫ್ರಿಜ್ಜು ತಂದರೆ ಕಂತು ತೀರುವ ಹೊತ್ತಿಗೆ ಫ್ರಿಜ್ಜಾದರೂ ಮನೆಯಲ್ಲಿರುತ್ತದೆ. ಪ್ರವಾಸಕ್ಕೆ ಸಾಲ ಮಾಡುವವರ ಜೊತೆ ಮಾತಾಡುವ ತಾಳ್ಮೆ ನನಗಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಚಾಳಿ. ಸಂತೆಯಲ್ಲಿ ತೆಂಗಿನಕಾಯಿ ಕುಟ್ಟಿ ನೋಡದೆ, ಅಲುಗಾಡಿಸದೆ ತರುವವರಲ್ಲ. ಹತ್ತು ಲಕ್ಷದ ಪ್ರವಾಸ ಬಂದಾಗ ಮಾತ್ರ "ಎಲ್ಲ ಅವರೇ ನೋಡ್ಕೋತಾರೆ" ಎಂದು ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. ಏನೇನು ಸೇರಿದೆ ಎಂಬ ಪಟ್ಟಿ ಓದುತ್ತಾರೆ, ಏನು ಸೇರಿಲ್ಲ ಎಂಬ ಪಟ್ಟಿ ಓದುವುದಿಲ್ಲ. ಹಡಗಿನಲ್ಲಿ ದಿನಕ್ಕೆ ತಲೆಗೆ 16ರಿಂದ 20 ಡಾಲರ್ ಟಿಪ್ಸ್ ತಾನಾಗಿಯೇ ಖಾತೆಗೆ ಬೀಳುತ್ತದೆ, ಭಾವನಿಗೆ ಅದು ಗೊತ್ತಾಗಿದ್ದು ಇಳಿಯುವ ದಿನ. ಪಕ್ಕದ ಮನೆಯವರು ಹೋಗಿಬಂದರು ಎಂಬುದೇ ಅರ್ಧ ಜನರಿಗೆ ಕಾರಣ. ಹೋಗಿಬಂದವರು ಫೋಟೋ ತೋರಿಸುತ್ತಾರೆ, ಬಿಲ್ ತೋರಿಸುವುದಿಲ್ಲ. ಕೇಳುವುದಕ್ಕೂ ನಮಗೆ ಸಂಕೋಚ.

ಹಾಗಾದರೆ ಯಾರಿಗೆ ಏನು? ನಾಲ್ವರಿದ್ದು, ಅದರಲ್ಲೊಬ್ಬರಿಗೆ ಬಲಬದಿಯಲ್ಲಿ ಓಡಿಸುವ ರೂಢಿಯಿದ್ದರೆ ಹಡಗನ್ನು ಹಡಗಿನವರಿಂದ, ನೆಲವನ್ನು ನೀವೇ ಕಾಯ್ದಿರಿಸಿ. ಇಲ್ಲಿಂದ ಹೋಗಿ ಓಡಿಸುವವರು ನಿಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ಸಾವಿರ ರೂಪಾಯಿ ಶುಲ್ಕ. ಇಬ್ಬರೇ ವಯಸ್ಸಾದವರಾದರೆ ಸಿಯಾಟಲ್‌ನಿಂದ ಸಿಯಾಟಲ್‌ಗೆ ಹಡಗು ಮಾತ್ರ ಹತ್ತಿ, ನೆಲದ ಪ್ಯಾಕೇಜೇ ಬೇಡ. ಅಕ್ಕ ಭಾವನಿಗೆ ಅಷ್ಟೇ ಸಾಕಿತ್ತು.

ಒಂದು ಎಚ್ಚರಿಕೆ ಮಾತ್ರ ಇಬ್ಬರಿಗೂ ಸಮಾನ. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಒಯ್ಯಕೂಡದು ಎಂದು ಅಲ್ಲಿ 1886ರ ಕಾನೂನೊಂದಿದೆ. ಅದಕ್ಕೇ ಸಿಯಾಟಲ್‌ನಿಂದ ಸಿಯಾಟಲ್‌ಗೆ ಬರುವ ಹಡಗೂ ಒಂದು ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಿಂತು ಹೋಗುತ್ತದೆ. ಭಾರತದ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಇದ್ದರೆ ಸಾಲದು, ಕೆನಡಾದ್ದೂ ಬೇಕು. ಬಯೋಮೆಟ್ರಿಕ್ ಸೇರಿ ತಲೆಗೆ 185 ಕೆನಡಾ ಡಾಲರ್. ಆ ವೀಸಾ ಪಾಸ್‌ಪೋರ್ಟಿಗೆ ಅಂಟಿ ಕೈಗೆ ಬರುವವರೆಗೆ ಹಡಗಿನ ಕೊನೆಯ ಕಂತನ್ನು ದಯವಿಟ್ಟು ಕಟ್ಟಬೇಡಿ.