ಮಳೆಯನ್ನರಿಯುವ ಯಂತ್ರವೂ ಅದರ ಮರುಜೋಡಣೆಯೂ

ಯಂತ್ರಗಳು ಮನುಷ್ಯನ ಕೈಕಾಲುಗಳ ದುಡಿಮೆಯನ್ನು ವಹಿಸಿಕೊಂಡು ಬಹುಕಾಲವಾಯಿತು. ಈಚಿನ ವರ್ಷಗಳಲ್ಲಿ ಅವು ಅವನ ಕಣ್ಣಿನ ಕೆಲಸವನ್ನೂ ಸ್ವಲ್ಪಮಟ್ಟಿಗೆ ವಹಿಸಿಕೊಳ್ಳುತ್ತಿವೆ. ಇಂದಿನ ಅನೇಕ ಕಾರುಗಳಲ್ಲಿ ಮಳೆ ಬಿದ್ದೊಡನೆ, ಚಾಲಕನು ಯಾವ ಗುಂಡಿಯನ್ನೂ ಮುಟ್ಟದೆಯೇ, ವೈಪರು ತಾನಾಗಿ ಆಡತೊಡಗುತ್ತದೆ. ಮಳೆ ಬಲವಾದರೆ ಬೇಗಬೇಗನೆ ಒರಸುತ್ತದೆ. ಮಳೆ ನಿಂತರೆ ತಾನೂ ನಿಲ್ಲುತ್ತದೆ. ಇದನ್ನು ನಡೆಸುವುದು ಗ್ಯಾರೇಜಿನವರು ಫ್ರಂಟ್ ಗ್ಲಾಸ್ ಎನ್ನುವ ಮುಂಗಾಜಿನ ಒಳಮೈಗೆ, ಕನ್ನಡಿಯ ಹಿಂದೆ, ಅಂಟಿಕೊಂಡಿರುವ ಒಂದು ಪುಟ್ಟ ಪೆಟ್ಟಿಗೆ. ರೈನ್ ಸೆನ್ಸರ್ ಎಂದು ಅದರ ಹೆಸರು. ಗಾಜು ಒಡೆದು ಹೊಸದನ್ನು ಕೂರಿಸಿದಾಗ ಈ ಸೆನ್ಸರನ್ನು ಮತ್ತೆ ಅಂಟಿಸಬೇಕಾಗುತ್ತದೆ. ನೋಡುವವರಿಗೆ ಇದು ಅಲ್ಪವಾದ ಕೆಲಸ. ಆದರೆ ಅದು ಕೆಟ್ಟರೆ ಯಂತ್ರದ ಕಣ್ಣು ಕುರುಡಾಗುತ್ತದೆ. ಅದು ಹೇಗೆ, ಏಕೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ಬೆಂಗಳೂರಿನ ಹೊರವಲಯಕ್ಕೆ ಈ ವಿಷಯ ದೂರದ್ದಲ್ಲ. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೊದಲಾಯಿತು. ಇಂದು ಅಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಮೋಟಾರು ವಾಹನಗಳ ಎಲೆಕ್ಟ್ರಾನಿಕ್ ಅಂಗಗಳ ಬಗ್ಗೆ ದುಡಿಯುವ ಎಂಜಿನಿಯರುಗಳಿದ್ದಾರೆ. ಅದೇ ರಸ್ತೆಗಳಲ್ಲಿ ಜಲ್ಲಿ ತುಂಬಿದ ಟಿಪ್ಪರುಗಳು ಓಡಾಡುತ್ತವೆ. ಒಂದು ಕಲ್ಲು ಸಿಡಿದರೆ ಹಿಂದೆ ಬರುವ ಕಾರಿನ ಗಾಜು ಬಿರಿಯುತ್ತದೆ. ರಾತ್ರಿ ಪಾಳಿಯ ಕೆಲಸಗಾರರನ್ನು ಮನೆ ಸೇರಿಸುವ ಕ್ಯಾಬ್ ಚಾಲಕರು ಗಾಜು ಹಾಕಿಸಿಕೊಂಡು ಅಂದೇ ಮತ್ತೆ ಓಡಿಸಬೇಕೆಂದು ಆತುರಪಡುತ್ತಾರೆ. ಇನ್ನು ಮಳೆಯೋ, ಮೇ ತಿಂಗಳ ಸಂಜೆಗಳಲ್ಲಿ ಗುಡುಗಿನೊಡನೆ ಹಠಾತ್ತಾಗಿ ಸುರಿಯುತ್ತದೆ; ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮತ್ತೆ ಜೋರಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಾರತ್ತಹಳ್ಳಿಗಳ ಸುತ್ತ ರಸ್ತೆಗಳೇ ಕೆರೆಗಳಾದುದನ್ನು ವಾಚಕರು ಮರೆತಿರಲಾರರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ತಾನಾಗಿ ಆಡೀತೆಂದು ನಂಬಿದ ವೈಪರು ಮೂರು ಸೆಕೆಂಡು ಸುಮ್ಮನಿದ್ದರೆ ಚಾಲಕನು 50 ಮೀಟರ್ ದೂರವನ್ನು ಮಸುಕಿನಲ್ಲಿ ಕ್ರಮಿಸಿದಂತಾಯಿತು.

ವೈಪರಿನ ಚರಿತ್ರೆ ಸ್ವಾರಸ್ಯವಾದುದು. ಅಮೆರಿಕದ ಅಲಬಾಮಾ ಪ್ರಾಂತದ ಮೇರಿ ಆಂಡರ್ಸನ್ ಎಂಬ ಮಹಿಳೆ ಕೈಯಿಂದ ಆಡಿಸುವ ಗಾಜೊರಸುವ ಸಾಧನಕ್ಕೆ 1903ರಲ್ಲಿ ಪೇಟೆಂಟ್ ಪಡೆದಳು. 1960ರ ದಶಕದಲ್ಲಿ ರಾಬರ್ಟ್ ಕರ್ನ್ಸ್ ಎಂಬವನು ಬಿಟ್ಟುಬಿಟ್ಟು ಒರಸುವ ವೈಪರನ್ನು ರೂಪಿಸಿದನು. ಆದರೂ ಮಳೆ ಬಂದಿತೆಂದು ತಿಳಿಯುವ ಕೆಲಸ ಮನುಷ್ಯನಿಗೇ ಉಳಿದಿತ್ತು. ಅದನ್ನು ಯಂತ್ರಕ್ಕೆ ಕಲಿಸಿಕೊಟ್ಟುದು ಬೆಳಕಿನ ಒಂದು ಹಳೆಯ ನಿಯಮ.

ಆ ನಿಯಮವೆಂದರೆ ಪ್ರೌಢಶಾಲೆಯಲ್ಲಿ ನಾವೆಲ್ಲರೂ ಓದಿದ ಸಂಪೂರ್ಣ ಆಂತರಿಕ ಪ್ರತಿಫಲನ. ಗಾಜಿನೊಳಗೆ ಸಾಗುವ ಕಿರಣವು ಅದರ ಹೊರಮೈಯನ್ನು ಮುಟ್ಟಿದಾಗ ಎರಡು ದಾರಿಗಳಿವೆ. ಲಂಬರೇಖೆಯಿಂದ ಅಳೆದ ಓರೆ ಸುಮಾರು 42 ಡಿಗ್ರಿಗಿಂತ ಕಡಿಮೆಯಿದ್ದರೆ ಕಿರಣ ಗಾಳಿಗೆ ಹೊರಟುಹೋಗುತ್ತದೆ. ಹೆಚ್ಚಾದರೆ ಹೊರಹೋಗಲಾರದೆ ಪೂರ್ತಿಯಾಗಿ ಗಾಜಿನೊಳಕ್ಕೇ ಮರಳುತ್ತದೆ. ಗಾಜಿನ ಹೊರಗೆ ಗಾಳಿಯ ಬದಲು ನೀರಿದ್ದರೆ ಈ ಗಡಿ ಸುಮಾರು 62 ಡಿಗ್ರಿಗೆ ಏರುತ್ತದೆ. ಸೆನ್ಸರು ತನ್ನ ಅವಕೆಂಪು ಕಿರಣವನ್ನು ಗಾಜಿನೊಳಕ್ಕೆ ಸುಮಾರು 45 ಡಿಗ್ರಿ ಓರೆಯಲ್ಲಿ ಕಳುಹಿಸುತ್ತದೆ. ಗಾಜು ಒಣಗಿದ್ದಾಗ ಅದು ಪೂರ್ತಿಯಾಗಿ ಹಿಂದಿರುಗಿ ಬರುತ್ತದೆ. ಒಂದು ಹನಿ ಬಿದ್ದರೆ, ಆ ಜಾಗದಲ್ಲಿ ಬೆಳಕಿನ ಬಹುಪಾಲು ಹನಿಯೊಳಕ್ಕೆ ಸೋರಿಹೋಗುತ್ತದೆ. ಬೆಳಕು ಎಷ್ಟು ಕಡಿಮೆಯಾಯಿತೋ ಮಳೆ ಅಷ್ಟು ಹೆಚ್ಚು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಎಂದಮೇಲೆ ಈ ಯಂತ್ರ ಮಳೆಯನ್ನು ನೇರವಾಗಿ ನೋಡುವುದಿಲ್ಲ. ಮರಳಿ ಬರಬೇಕಾದ ಬೆಳಕಿನಲ್ಲಿ ಆದ ನಷ್ಟವನ್ನು ಮಾತ್ರ ನೋಡುತ್ತದೆ.

ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ. ಒಂದು ಗಾಜಿನ ಲೋಟದ ತುಂಬ ನೀರು ತೆಗೆದುಕೊಂಡು, ಒಣಗಿದ ಕೈಯಿಂದ ಹಿಡಿದು, ಮೇಲಿನಿಂದ ಓರೆಯಾಗಿ ನೀರಿನ ಮೂಲಕ ಲೋಟದ ಪಕ್ಕವನ್ನು ನೋಡಿರಿ. ಅದು ಬೆಳ್ಳಿಯಂತೆ ಹೊಳೆಯುತ್ತದೆ. ಹೊರಗಿರುವ ಬೆರಳುಗಳು ಸರಿಯಾಗಿ ಕಾಣುವುದಿಲ್ಲ. ಈಗ ಬೆರಳನ್ನು ಒದ್ದೆ ಮಾಡಿ ಬಲವಾಗಿ ಒತ್ತಿರಿ. ಬೆರಳಿನ ಗೆರೆಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಬೆರಳಿಗೂ ಗಾಜಿಗೂ ನಡುವೆ ಇದ್ದ ಗಾಳಿಯ ತೆಳುಪದರವನ್ನು ನೀರು ಅಳಿಸಿತು. ಅಷ್ಟರಿಂದಲೇ ಕಾಣದುದು ಕಂಡಿತು.

ಇಲ್ಲಿಯೇ ಮರುಜೋಡಣೆಯ ಗುಟ್ಟು ಅಡಗಿದೆ. ಅದೇ ನಿಯಮದ ಇನ್ನೊಂದು ಮುಖವನ್ನು ಗಮನಿಸಬೇಕು: ಚಪ್ಪಟೆ ಗಾಜಿಗೆ ಗಾಳಿಯಿಂದ ಹೊಕ್ಕ ಬೆಳಕು, ಎಷ್ಟೇ ಓರೆಯಾಗಿ ಬಂದರೂ, ಒಳಗೆ 42 ಡಿಗ್ರಿಗಿಂತ ಹೆಚ್ಚಿನ ಓರೆಯಲ್ಲಿ ಸಾಗಲಾರದು. ಎಂದರೆ ಸೆನ್ಸರಿಗೂ ಗಾಜಿಗೂ ನಡುವೆ ಗಾಳಿಯಿದ್ದರೆ 45 ಡಿಗ್ರಿಯ ಕಿರಣ ಗಾಜಿನೊಳಗೆ ಹುಟ್ಟುವುದೇ ಇಲ್ಲ. ಆದುದರಿಂದಲೇ ನಡುವೆ ಪಾರದರ್ಶಕವಾದ, ಮೆತ್ತನೆಯ ಸಿಲಿಕೋನ್ ಜೆಲ್ಲಿನ ಒಂದು ಬಿಲ್ಲೆಯನ್ನು ಇಡುತ್ತಾರೆ. ಜನರು ಅದನ್ನು ಅಂಟು ಎಂದು ತಿಳಿಯುತ್ತಾರೆ. ಹಿಡಿದು ನಿಲ್ಲಿಸುವ ಕೆಲಸವನ್ನು ಹೆಚ್ಚಿನ ಕಾರುಗಳಲ್ಲಿ ಕ್ಲಿಪ್ಪುಗಳೇ ಮಾಡುತ್ತವೆ. ಬಿಲ್ಲೆಯ ನಿಜವಾದ ಕೆಲಸ ಬೆಳಕಿಗೆ ಸೇತುವೆಯಾಗುವುದು. ವಡೆ ಕಟ್ಟಿಕೊಟ್ಟ ಕಾಗದಕ್ಕೆ ಎಣ್ಣೆ ಹತ್ತಿದ ಕಡೆ ಬೆಳಕು ತೂರಿಬರುವುದನ್ನು ಎಲ್ಲರೂ ಕಂಡಿದ್ದೇವೆ. ಕಾಗದದ ನಾರುಗಳ ನಡುವಿನ ಗಾಳಿಯನ್ನು ಎಣ್ಣೆ ಹೊರಡಿಸಿದಂತೆ, ಸೆನ್ಸರಿನ ಕೆಳಗಿನ ಗಾಳಿಯನ್ನು ಜೆಲ್ಲು ಹೊರಡಿಸುತ್ತದೆ.

ಈಗ ಕೆಲಸದ ಕ್ರಮವನ್ನು ನೋಡೋಣ. ಮೊದಲನೆಯದಾಗಿ, ಹಳೆಯ ಗಾಜನ್ನು ಕೀಳುವ ಮುಂಚೆಯೇ ಸೆನ್ಸರಿನ ಮುಚ್ಚಳ, ವೈರಿನ ಕನೆಕ್ಟರು, ಕ್ಲಿಪ್ಪುಗಳನ್ನು ಬಿಡಿಸಿ ಅದನ್ನು ಧೂಳಿಲ್ಲದ ಕಡೆ ಇಡತಕ್ಕದ್ದು. ಎರಡನೆಯದಾಗಿ, ಹೊಸ ಗಾಜು ಸೆನ್ಸರ್ ಇರುವ ಮಾದರಿಯದೇ ಆಗಿರಬೇಕು. ಅದರ ಮೇಲಂಚಿನ ಕಪ್ಪು ಪಟ್ಟಿಯಲ್ಲಿ ಬೆಳಕು ಹಾಯಲು ತೆರವಾದ ಕಿಂಡಿಯೂ, ಸೆನ್ಸರನ್ನು ಹಿಡಿಯುವ ಚೌಕಟ್ಟೂ ಇರುತ್ತವೆ. ಮೂರನೆಯದಾಗಿ, ಗಾಜಿನ ಆ ಜಾಗವನ್ನೂ ಸೆನ್ಸರಿನ ಮುಖವನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ, ನೂಲೆಳೆ ಬಿಡದ ಬಟ್ಟೆಯಿಂದ ಒರಸಿ ಆರಲು ಬಿಡಬೇಕು. ಬೆರಳಚ್ಚು ಕೂಡ ಉಳಿಯಕೂಡದು.

ನಾಲ್ಕನೆಯದೇ ಮುಖ್ಯವಾದುದು. ಹಳೆಯ ಬಿಲ್ಲೆ ಕೀಳುವಾಗ ಎಳೆದು ಹರಿದಿರುತ್ತದೆ, ಧೂಳು ಹಿಡಿದಿರುತ್ತದೆ. ತಯಾರಕರೇ ಮತ್ತೆ ಬಳಸಬಹುದೆಂದು ಹೇಳಿದ ಮಾದರಿಯ ಹೊರತು ಅದನ್ನು ತಿರುಗಿ ಹಾಕುವುದು ಸಲ್ಲದು. ಹೊಸ ಬಿಲ್ಲೆಯ ಒಂದು ಬದಿಯ ಹಾಳೆಯನ್ನು ಸುಲಿದು, ಒಂದು ಅಂಚಿನಿಂದ ಆರಂಭಿಸಿ ಗಾಳಿಯನ್ನು ಮುಂದೆ ತಳ್ಳುತ್ತ ಸೆನ್ಸರಿನ ಮೇಲೆ ಕೂರಿಸಬೇಕು. ಬಳಿಕ ಇನ್ನೊಂದು ಬದಿಯನ್ನು ಸುಲಿದು, ಸೆನ್ಸರನ್ನು ಚೌಕಟ್ಟಿನೊಳಗೆ ನೆಟ್ಟಗೆ ಒತ್ತಿ, ಎರಡು ಕಡೆಯ ಕ್ಲಿಪ್ಪುಗಳನ್ನೂ ಹಾಕಬೇಕು. ಡಬಲ್ ಟೇಪು, ಅಂಗಡಿಯ ದಿಢೀರ್ ಅಂಟು ಮುಂತಾದುವು ಪೆಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದಾವು, ಬೆಳಕನ್ನು ದಾಟಿಸಲಾರವು.

ಕೊನೆಗೆ ಕಾರಿನ ಹೊರಗೆ ನಿಂತು ಗಾಜಿನ ಮೂಲಕ ಬಿಲ್ಲೆಯನ್ನು ನೋಡಬೇಕು. ಬೆಳ್ಳಿಯ ಚುಕ್ಕೆಯಂತೆ ಏನಾದರೂ ಹೊಳೆದರೆ ಅದು ಗಾಳಿಗುಳ್ಳೆ. ಲೋಟದ ಪಕ್ಕ ಹೊಳೆದುದಕ್ಕೂ ಇದಕ್ಕೂ ಕಾರಣ ಒಂದೇ. ಬೆಳಕಿನ ದಾರಿಯಲ್ಲಿ ಗುಳ್ಳೆಯಿದ್ದರೆ ಬೆಳಕು ಕಡಿಮೆಯಾಗುತ್ತದೆ. ಅದನ್ನು ಯಂತ್ರವು ಹನಿಯೆಂದು ಭ್ರಮಿಸಿ ಬಿಸಿಲಿನಲ್ಲಿಯೂ ಒಣಗಾಜನ್ನು ಒರಸಬಹುದು. ಇಲ್ಲವೆ ನಿಜವಾದ ಮಳೆಗೂ ಏಳದಿರಬಹುದು. ಹಾಗಾದಾಗ ಎಲ್ಲರೂ ವೈಪರಿನ ಮೋಟಾರನ್ನೋ ಚಾಲಕನನ್ನೋ ದೂರುತ್ತಾರೆ. ಗುಳ್ಳೆಯನ್ನು ಯಾರೂ ನೆನೆಯುವುದಿಲ್ಲ.

ಪರೀಕ್ಷೆ ಸುಲಭ. ಇಗ್ನಿಷನ್ ಹಾಕಿ, ವೈಪರಿನ ಗುಂಡಿಯನ್ನು ಆಟೋದಲ್ಲಿಟ್ಟು, ಸೆನ್ಸರಿನ ನೇರಕ್ಕೆ ಹೊರಗಿನಿಂದ ನೀರು ಚಿಮುಕಿಸಿದರೆ ವೈಪರು ಆಡಬೇಕು. ಆಗ ಕೈಯನ್ನು ಬ್ಲೇಡಿನ ಹತ್ತಿರ ಇಡಕೂಡದು. ಕೆಲವು ಕಾರುಗಳಲ್ಲಿ ಹೊಸ ಗಾಜಿನ ಪರಿಚಯವನ್ನು ಸೆನ್ಸರಿಗೆ ಸ್ಕ್ಯಾನರ್ ಉಪಕರಣದಿಂದ ಮಾಡಿಕೊಡಬೇಕಾಗುತ್ತದೆ. ರಸ್ತೆಯನ್ನು ನೋಡುವ ಕ್ಯಾಮರಾ ಇದ್ದರೆ ಅದನ್ನೂ ಹೊಂದಿಸಬೇಕು. ಗಾಜನ್ನು ಹಿಡಿದಿರುವ ಯೂರಿಥೇನ್ ಅಂಟು ಗಟ್ಟಿಯಾಗಲು ಅದರ ತಯಾರಕರು ಹೇಳಿದಷ್ಟು ಹೊತ್ತು ಕಾರನ್ನು ನಿಲ್ಲಿಸತಕ್ಕದ್ದು. 2021ರಿಂದ ಕಡ್ಡಾಯವಾಗಿರುವ ಫಾಸ್ಟ್ಯಾಗ್ ಚೀಟಿ ಹಳೆಯ ಗಾಜಿನಿಂದ ಕಿತ್ತರೆ ಕೆಡುತ್ತದೆ. ಹೊಸದನ್ನು ಅಂಟಿಸುವಾಗ ಅದು ಸೆನ್ಸರಿನ ಕಿಂಡಿಯನ್ನು ಮರೆಮಾಡದಂತೆ ನೋಡಿಕೊಳ್ಳಬೇಕು.

ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಇದರಿಂದೇನು ಎಂದು ಯಾರಾದರೂ ಕೇಳಬಹುದು. ಈ ಕೆಲಸ ನಮ್ಮ ಸುತ್ತಣ ಗ್ಯಾರೇಜುಗಳಲ್ಲಿ ದಿನವೂ ನಡೆಯುತ್ತಿದೆ. ಗುಳ್ಳೆ ಬಾರದಂತೆ ಬಿಲ್ಲೆ ಕೂರಿಸುವ ಹದವನ್ನು ಕೆಲಸಗಾರನ ಕೈ ಬಲ್ಲದು. ಹದ ತಪ್ಪಿದರೆ ಏಕೆ ಕೆಡುತ್ತದೆಂಬುದನ್ನು ಪುಸ್ತಕ ಬಲ್ಲದು. ಆ ಪುಸ್ತಕ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವುದರಿಂದ ಎರಡೂ ತಿಳಿವಳಿಕೆಗಳು ಒಂದೆಡೆ ಸೇರುವುದು ಕಷ್ಟವಾಗಿದೆ. ಕಾರಣ ತಿಳಿಯದವನಿಗೆ, ಆತುರದ ಗಿರಾಕಿಯೊಬ್ಬನು ಹಳೆಯದನ್ನೇ ಅಂಟಿಸಿಕೊಡು ಎಂದಾಗ, ಇಲ್ಲವೆನ್ನಲು ಮಾತು ಸಿಕ್ಕುವುದಿಲ್ಲ. ಕಾರಣ ತಿಳಿದವನಿಗೆ ಸಿಕ್ಕುತ್ತದೆ. ಇಂತಹ ತಿಳಿವಳಿಕೆ ಕನ್ನಡದಲ್ಲಿ ದೊರೆಯಬೇಕೆಂದು ಬಯಸಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಷ್ಟು ಹಿಂದೆಯೇ ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದರು. ಭಾಷೆಯನ್ನು ಅಭ್ಯಾಸ ಮಾಡುವ ನಾವು, ಕೈಕಸುಬಿನವರು ತಮ್ಮ ಕೆಲಸದ ಕಾರಣವನ್ನು ತಮ್ಮ ನುಡಿಯಲ್ಲಿಯೇ ಓದುವಂತೆ ಬರೆದುಕೊಡುವುದು ಆ ಹಿರಿಯರ ಕೆಲಸವನ್ನು ಮುಂದುವರಿಸಿದಂತೆಯೇ ಸರಿ. ಅದರಿಂದ ಮಳೆಯ ರಾತ್ರಿಯಲ್ಲಿ ದುಡಿದು ಹಿಂದಿರುಗುವವರು ಕ್ಷೇಮವಾಗಿ ಮನೆ ಸೇರುವುದಕ್ಕೆ ಅಷ್ಟಿಷ್ಟು ಸಹಾಯವಾದೀತು.