ಕಡಲಾಳದ ವಿಡಿಯೋ ಮಾಡುವವರಿಗೆ

ಮುಂಬಯಿಯ ಭಾಂಡುಪ್‌ನ ನಮ್ಮ ಕನ್ನಡದ ಹುಡುಗರು ರಜೆಗೆ ಊರಿಗೆ ಹೋದಾಗ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡುತ್ತಾರೆ, ಕೆಲವರು ಮಾಲ್ವಣದಲ್ಲಿ. ಬಂದಮೇಲೆ ತೋರಿಸುವ ವಿಡಿಯೋಗಳಲ್ಲಿ ಎಷ್ಟೋ ಸಲ ಕಾಣುವುದು ಬರೀ ನೀಲಿ.

ಅದು ಅಗ್ಗದ ಕ್ಯಾಮೆರಾದ ತಪ್ಪಲ್ಲ. ನೀರು ಮೊದಲು ಹೀರುವುದು ಕೆಂಪು ಬೆಳಕನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮೀನೂ ಬೂದುಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಝೂಮ್ ಬೇಡ, ಹತ್ತಿರ ಹೋಗಿ. ಮೀನಿಗೂ ನಿಮಗೂ ನಡುವೆ ಒಂದು ಮೀಟರ್ ನೀರಷ್ಟೇ ಇರಲಿ, ಹವಳವನ್ನು ಮಾತ್ರ ಮುಟ್ಟಬೇಡಿ. ಟಾರ್ಚ್ ಹಾಕಿದರೆ ಬಣ್ಣ ಮರಳುತ್ತದೆ. ಒಂದೇ ಮೀನನ್ನು ಹತ್ತು ಸೆಕೆಂಡ್ ಅಲುಗಾಡದೆ ಹಿಡಿಯಿರಿ. ಕ್ಯಾಮೆರಾವನ್ನು ಸುಮ್ಮನೆ ಸುತ್ತಿಸಿದರೆ ನೋಡುವವರಿಗೆ ತಲೆ ಸುತ್ತುತ್ತದೆ.

ಮೀನಿಗಿಂತಲೂ ಮನುಷ್ಯನ ಮುಖ ನೋಡುಗರನ್ನು ಹಿಡಿದಿಡುತ್ತದೆ. 2022ರಲ್ಲಿ ಬಂದ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಕಡಲಿಗೆ ಇಳಿಯುವಾಗ ನಾವು ನೋಡಿದ್ದು ಅವರನ್ನೇ. ದೋಣಿಯ ಮೇಲಿನ ಅಳುಕು, ಮೊದಲ ಉಸಿರು, ಎಲ್ಲ ಸರಿಯಿದೆ ಎನ್ನುವ ಕೈಸನ್ನೆ, ಇವೆಲ್ಲ ಇರಲಿ. ಗುಳ್ಳೆಗಳ ಸದ್ದನ್ನು ಸಿನಿಮಾ ಹಾಡಿನಲ್ಲಿ ಮುಳುಗಿಸಬೇಡಿ.

ಮೊದಲ ಸಲ ಇಳಿಯುವವರು ಕ್ಯಾಮೆರಾ ಹಿಡಿಯಲೇಬೇಡಿ. ಅದನ್ನು ತರಬೇತುದಾರರಿಗೆ ಒಪ್ಪಿಸಿ, ನಿಮ್ಮ ಗಮನವೆಲ್ಲ ಉಸಿರಾಟದ ಮೇಲಿರಲಿ.